ಒಂಬತ್ತು, ಹದಿನೈದು

ಕೊಲ್ಲು ಅನ್ನೋ ಮುಂಚೆ
ನಂಬರನ್ನು ಎರಡು ಸಲ ಓದು, ಅಂದಳು ಮಾರ್ಯೂನ್.
ಒಂದಂಕಿ ತಪ್ಪಿದರೆ
ಸುದುರೊಯ್ ದ್ವೀಪಕ್ಕೆ ದ್ವೀಪವೇ ಮೂಕ.

ನನಗದು ಮೊದಲ ರಾತ್ರಿಪಾಳಿ.
ಟೋರ್ಷಾವ್ನಿನ ಟೆಲಿಫೋನ್ ಎಕ್ಸ್‌ಚೇಂಜಿನ ನೆಲಮನೆ,
ಒಣಗಿಸಿದ ಕುರಿಮಾಂಸದ ನಾತ ಅವಳ ಬುತ್ತಿಯಿಂದ,
ಫ್ಯಾನುಗಳ ಗೊರಕೆ.
ಹೊರಗೆ ಗಾಳಿ ಕಾರಿನ ಬಾಗಿಲು ಕಿತ್ತೊಯ್ಯುವ ಹಟದಲ್ಲಿತ್ತು.

ತೆರೆಯ ಮೇಲೆ ಪಟ್ಟಿ ಇಳಿಯುತ್ತಲೇ ಇತ್ತು.
ಪ್ರತಿ ಸಾಲಿಗೂ ಒಂದು ನಂಬರು, ಹೆತ್ತವರ ನಂಬರು,
ಸ್ಥಿತಿಗೆ ಒಂದೇ ಅಕ್ಷರ.
ನಿದ್ದೆಯಲ್ಲಿರುವುದು, ಓಡುತ್ತಿರುವುದು,
ಆಮೇಲೆ ಝಡ್,
ಮತ್ತೆ ಝಡ್, ಝಡ್,
ಎಣಿಸಿದರೆ ಮುನ್ನೂರ ಹನ್ನೆರಡು.

ಇವು ಸತ್ತಿವೆ, ಅಂದಳು.
ಸತ್ತಿದ್ದರೆ ಪಟ್ಟಿಯಲ್ಲೇಕೆ?
ಹೆತ್ತದ್ದು ಇನ್ನೂ ಕೇಳಿಲ್ಲ.

ನನಗೆ ಹುಡುಗಬುದ್ಧಿ.
ಒಂದರ ಮೇಲೆ ಒಂಬತ್ತನ್ನು ಪ್ರಯೋಗಿಸಿದೆ.
ಏನೂ ಆಗಲಿಲ್ಲ.
ಇನ್ನೊಮ್ಮೆ.
ಅದು ಅಲ್ಲೇ ಇತ್ತು, ಹಲ್ಲಿಗೆ ಸಿಕ್ಕ ನಾರಿನ ಹಾಗೆ.
ಮಾರ್ಯೂನ್ ನಗಲಿಲ್ಲ:
ಸತ್ತದ್ದನ್ನು ಇನ್ನೆಷ್ಟು ಕೊಲ್ಲುತ್ತೀಯ ಹಾನುಸ್,
ಅದಕ್ಕೆ ಬೇಕಿರೋದು ಒಂದು ಪ್ರಶ್ನೆ,
ಹೇಗೆ ಮುಗಿಯಿತು ಅಂತ.
ಸೊನ್ನೆ ಅಂದರೆ ಸುಖವಾಗಿ,
ಬೇರೆ ಅಂಕಿ ಅಂದರೆ ಏನೋ ಮುರಿದು.
ಆ ಒಂದಂಕಿ ಕೈಗಿಡಲೆಂದೇ
ಉಸಿರು ಬಿಟ್ಟ ಮೇಲೂ ಸಾಲಿನಲ್ಲಿ ನಿಂತಿದೆ.

ಇದನ್ನು ಬರೆದವನು ಯಾಲ್ಮಾರ್.
ಮಕ್ಕಳನ್ನು ಹುಟ್ಟಿಸುವ ಆಜ್ಞೆ ಬರೆದ,
ಕಾಯುವ ಆಜ್ಞೆ ಮರೆತ,
ಸುರಂಗದ ಕೆಲಸಕ್ಕೆ ಹೋದ. ಈಗ ಅಲ್ಲಿ ದೀಪ ಹಾಕುತ್ತಾನಂತೆ.
ಅವನನ್ನು ಬೈಯಬೇಡ, ಅಂದಳು, ಬೈಯುವ ದನಿಯಲ್ಲೇ.
ಪಟ್ಟಿ ತುಂಬಿದರೆ ಮಾತ್ರ
ಹೊಸ ಕರೆಗೆ ಹುಟ್ಟಲು ಜಾಗವಿಲ್ಲ.

ಹಾಗಾದರೆ ಹೆತ್ತದ್ದನ್ನೇ ಮುಗಿಸೋಣ?
ಮುಗಿಸಬಹುದು. ಆಮೇಲೆ ಇವೆಲ್ಲ ಅನಾಥ.
ಹೆದರಬೇಡ, ಯಂತ್ರದಲ್ಲಿ ಒಂದನೇ ನಂಬರು ಅಂತೊಬ್ಬಳಿದ್ದಾಳೆ,
ಮೊದಲು ಎದ್ದವಳು, ಕೊನೆಗೆ ಮಲಗುವವಳು.
ಯಾರ ಮಕ್ಕಳು ಅಂತ ಕೇಳದೆ ಮಡಿಲಿಗೆ ಹಾಕಿಕೊಳ್ಳುತ್ತಾಳೆ,
ಸತ್ತವನ್ನು ಹೇಗೆ ಮುಗಿಯಿತು ಅಂತ ಮಾತ್ರ ಕೇಳುತ್ತಾಳೆ.
ಆದರೆ ನೋಡು,
ಅದರ ತಲೆಯ ಮೇಲೆ ಈಗ ಹನ್ನೊಂದು ಜೀವಂತ ಕರೆಗಳಿವೆ.

ಒಂಬತ್ತು ಅಂದರೆ ಬಾಗಿಲು ತಟ್ಟದೆ ನುಗ್ಗೋದು.
ಹದಿನೈದು ಅಂದರೆ ಅಂಗಳದಲ್ಲಿ ನಿಂತು ಕೂಗೋದು:
ಹೊರಡುವ ಹೊತ್ತಾಯಿತು, ಒಲೆ ಆರಿಸಿ ಬಾ.
ಯಾಲ್ಮಾರ್ ಇದನ್ನಾದರೂ ಸರಿಯಾಗಿ ಬರೆದಿದ್ದ.
ಹದಿನೈದು ಕಳಿಸಿದೆ.
ಹೊಸ ಕರೆಗಳು ಪಕ್ಕದ ಯಂತ್ರಕ್ಕೆ ಹೊರಳಿದವು,
ಹಳೆಯವು ತಮ್ಮಷ್ಟಕ್ಕೆ ಉದುರತೊಡಗಿದವು.
ಹನ್ನೊಂದು, ಏಳು, ಮೂರು.

ನಾಲ್ಕು ಗಂಟೆಗೆ ಉಳಿದದ್ದು ಒಂದು.
ಫುಗ್ಲೊಯ್‌ಯಿಂದ ಎಲ್ಲಿಗೋ, ಆಗಲೇ ಐದು ತಾಸು ಆಗಿತ್ತು.
ಮಾತು ನಮಗೆ ಕೇಳಿಸುವುದಿಲ್ಲ, ಕೇಳಿಸಲೂಬಾರದು,
ಕಾಣುವುದು ಎಷ್ಟು ಹರಿಯಿತು ಅನ್ನೋದಷ್ಟೆ.
ಏನೂ ಹರಿಯುತ್ತಿರಲಿಲ್ಲ.
ಎರಡು ತುದಿಯಲ್ಲೂ ನಿದ್ದೆ ಹೋಗಿರಬೇಕು,
ಅಥವಾ ಒಂದು ತುದಿಯಲ್ಲಿ ಮಾತ್ರ.

ಕತ್ತರಿಸಲೇ? ಮೇಲಿನವರು ಬೆಳಿಗ್ಗೆ ಕೇಳುತ್ತಾರೆ.
ಕೇಳಲಿ, ಅಂದಳು,
ಕೇಳುವವರಿದ್ದರೆ ಒಳ್ಳೆಯದೇ.
ಫ್ಲಾಸ್ಕಿನ ತಳದ ಕಾಫಿಯನ್ನು ಎರಡು ಮುಚ್ಚಳಕ್ಕೆ ಹಂಚಿದಳು.

ಆರು ಹನ್ನೆರಡು.
ಯಾರೋ ಫೋನು ಇಟ್ಟರು.
ಸೊನ್ನೆ.
ಹೆತ್ತದ್ದು ಎದ್ದು ಹೋಯಿತು,
ಮುನ್ನೂರ ಹನ್ನೆರಡು ಸಾಲುಗಳು ಒಂದೇ ಸಲ,
ಮೇಜು ಒರೆಸಿದ ಹಾಗೆ.
ನಾನು ಅವುಗಳ ಅಂಕಿ ಓದಬೇಕೆಂದಿದ್ದೆ.
ಪುರುಸೊತ್ತೇ ಸಿಗಲಿಲ್ಲ.

ಮಾರ್ಯೂನ್ ಡೈರಿಯಲ್ಲಿ ವೇಳೆ ಬರೆದಳು,
ಕಾರಣ ಅಂತಿದ್ದ ಕಡೆ ಗೀಟೆಳೆದಳು.
ಬೆಳಕಾಗಲು ಇನ್ನೂ ನಾಲ್ಕು ತಾಸಿತ್ತು.
ಬ್ರೆಡ್ಡು ಉಳಿದಿದ್ದರೆ ಕೊಡು, ಅಂದಳು.